ಸತ್ತವರ ಕೂದಲು: ಅಲ್ಲಿ ಒಡವೆಯಾಯಿತು, ಇಲ್ಲಿ ಬೈಗುಳವಾಯಿತು

ಹಳೆ ಒಡವೆಗಳನ್ನು ಹರಾಜು ಹಾಕುವ ವಿದೇಶಿ ವೆಬ್‌ಸೈಟುಗಳಲ್ಲಿ ಒಂದು ಬಗೆಯ ಉಂಗುರ, ಬ್ರೂಚು, ಲಾಕೆಟ್ಟುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಚಿನ್ನದ ಚೌಕಟ್ಟು, ಮೇಲೊಂದು ಗಾಜು, ಗಾಜಿನ ಕೆಳಗೆ ನೀಟಾಗಿ ಹೆಣೆದ ಕಂದು ಬಣ್ಣದ ಎಳೆಗಳು. ಮೊದಲ ನೋಟಕ್ಕೆ ರೇಷ್ಮೆ ದಾರ ಇರಬಹುದು ಅನ್ನಿಸುತ್ತೆ. ಹಿಂದೆ ತಿರುಗಿಸಿದರೆ ಒಂದು ಹೆಸರು, ಒಂದು ತಾರೀಕು, ಒಂದು ವಯಸ್ಸು ಕೆತ್ತಿರುತ್ತೆ. ಆ ತಾರೀಕು ಆ ಮನುಷ್ಯ ಸತ್ತ ದಿನ. ಒಳಗಿರೋದು ಅದೇ ಮನುಷ್ಯನ ತಲೆಕೂದಲು.

ಇಂಗ್ಲಿಷಿನಲ್ಲಿ ಇದಕ್ಕೆ ಮೌರ್ನಿಂಗ್ ಜ್ಯುವೆಲರಿ ಅಂತಾರೆ. ಕನ್ನಡದಲ್ಲಿ ಇದಕ್ಕೊಂದು ರೂಢಿಯ ಪದವಿಲ್ಲ, ಯಾಕಂದ್ರೆ ಈ ವಸ್ತುವೇ ನಮ್ಮಲ್ಲಿ ಇರಲಿಲ್ಲ. ಶೋಕದ ಒಡವೆ ಅಂತ ಕರೆಯೋಣ. 17ನೇ ಶತಮಾನದಿಂದ 20ನೇ ಶತಮಾನದ ಶುರುವಿನವರೆಗೆ ಯೂರೋಪು ಮತ್ತು ಅಮೆರಿಕದಲ್ಲಿ ಸತ್ತವರ ಕೂದಲನ್ನು ಹೀಗೆ ಮೈಮೇಲೆ ಧರಿಸೋದು ಗೌರವದ ರೂಢಿಯಾಗಿತ್ತು.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆಯವರು ಇದನ್ನು ಓದಿ ಏನು ಮಾಡಬೇಕು ಅಂತ ಕೇಳಬಹುದು. ಇಲ್ಲಿ ತೆಂಗು, ಕೊಬ್ಬರಿ, ಗಣಿ, ನೀರು ಇವೇ ದಿನದ ಮಾತು. ಆದರೆ ಇಲ್ಲೂ ಸಾವು ಮತ್ತು ಕೂದಲಿನ ನಡುವೆ ಒಂದು ಗಟ್ಟಿ ಸಂಬಂಧ ಇದೆ. ಅಪ್ಪ ಸತ್ತರೆ ಮಗ ತಲೆ ಬೋಳಿಸಿಕೊಳ್ಳುತ್ತಾನೆ. ಗಂಡ ಸತ್ತರೆ ಹೆಂಗಸಿನ ಮುಡಿಯಿಂದ ಹೂವು ಹೋಗುತ್ತೆ. ಕೆಲವು ಮನೆಗಳಲ್ಲಿ ಒಂದು ಕಾಲಕ್ಕೆ ಮುಡಿಯೇ ಹೋಗುತ್ತಿತ್ತು. ಅಲ್ಲಿಯವರು ಉಳಿಸಿಕೊಂಡರು, ಇಲ್ಲಿ ತೆಗೆದರು. ಯಾರ ಕೂದಲು, ಯಾರು ತೆಗೆದರು, ಯಾರು ಕಾಸು ಮಾಡಿಕೊಂಡರು ಅನ್ನೋ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಕೂದಲೇ ಯಾಕೆ?

ಮೊದಲು ಸರಳ ವಿಜ್ಞಾನ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನಮ್ಮ ಉಗುರು, ದನದ ಕೊಂಬು, ಕುರಿಯ ಉಣ್ಣೆ ಎಲ್ಲವೂ ಅದೇ ಕುಟುಂಬ. ಈ ಪ್ರೋಟೀನಿನ ಸರಪಳಿಗಳನ್ನು ಗಂಧಕದ ಪರಮಾಣುಗಳ ಜೋಡಿ ಅಡ್ಡ ಕೊಂಡಿ ಹಾಕಿದಂತೆ ಬಿಗಿಯುತ್ತವೆ. ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಕ್ರಾಸ್‌ಲಿಂಕ್ ಆದ ಪಾಲಿಮರ್. ಅದಕ್ಕೇ ಮಾಂಸ, ಚರ್ಮ ಕೊಳೆತು ಹೋದ ಮೇಲೂ ಕೂದಲು ಉಳಿಯುತ್ತೆ. ಈಜಿಪ್ಟಿನ ಮಮ್ಮಿಗಳ ತಲೆಯಲ್ಲಿ ಸಾವಿರಾರು ವರ್ಷದ ನಂತರವೂ ಕೂದಲಿದೆ.

ಒಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ, ಇಲ್ಲಾ ಅದಕ್ಕೂ ಕಡಿಮೆ. ಆದರೂ ಆರೋಗ್ಯವಂತರ ಒಂದೇ ಎಳೆ ಹತ್ತಿರಹತ್ತಿರ 100 ಗ್ರಾಂ ತೂಕ ತಡೆಯುತ್ತೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಅಂದ್ರೆ ಸೊಂಟದವರೆಗಿನ ಜಡೆ ಅನ್ನೋದು ಆ ಹೆಂಗಸಿನ ಆರೇಳು ವರ್ಷದ ದಾಖಲೆ. ಫೋಟೋ ಇಲ್ಲದ ಕಾಲದಲ್ಲಿ ಸತ್ತವರ ಮೈಯಿಂದ ಕೊಳೆಯದಂತೆ ಸುಲಭವಾಗಿ ಇಟ್ಟುಕೊಳ್ಳಬಹುದಾದ ಭಾಗ ಅದು. ಬಣ್ಣವೂ ಬೇಗ ಮಾಸಲ್ಲ. ಮೂವತ್ತು ವರ್ಷ ಆದಮೇಲೂ ಮಗಳ ಕೂದಲು ಮಗಳ ಕೂದಲಿನ ಹಾಗೇ ಕಾಣುತ್ತೆ.

ಕೂದಲಿಗೆ ಶತ್ರುಗಳೇ ಇಲ್ಲ ಅಂತಲ್ಲ. ಉಣ್ಣೆ ತಿನ್ನುವ ನುಸಿಯ ಮರಿಗಳು ಕೂದಲನ್ನೂ ತಿನ್ನುತ್ತವೆ, ತೇವ ಕೂತರೆ ಬೂಷ್ಟು ಹಿಡಿಯುತ್ತೆ. ಗಾಜಿನ ಮುಚ್ಚಳ ಅಂದಕ್ಕಷ್ಟೇ ಅಲ್ಲ, ಕಾವಲಿಗೂ ಇತ್ತು.

ಮಾಡುತ್ತಿದ್ದದ್ದು ಹೇಗೆ?

ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಅಂಟಿಸುವ ಕೆಲಸ. ಕೂದಲನ್ನು ತೊಳೆದು, ಎಣ್ಣೆಜಿಡ್ಡು ತೆಗೆದು, ಚಪ್ಪಟೆಯಾಗಿ ಹರಡಿ ಅಂಟು ಹಾಕಿ ಹಾಳೆಯಂತೆ ಮಾಡೋದು. ಅದನ್ನು ಕತ್ತರಿಸಿ ಗರಿ, ಹೂವು, ಗೋಧಿ ತೆನೆ, ಗೋರಿಯ ಪಕ್ಕ ಬಾಗಿದ ಮರ ಇಂಥ ಚಿತ್ರ ಜೋಡಿಸಿ ಗಾಜಿನ ಕೆಳಗೆ ಇಡೋದು. ಕೂದಲನ್ನು ನುಣ್ಣಗೆ ಪುಡಿ ಮಾಡಿ ಬಣ್ಣದ ಜೊತೆ ಬೆರೆಸಿ ಚಿತ್ರ ಬರೆದದ್ದೂ ಉಂಟು.

ಎರಡನೆಯದು ಹೆಣೆಯುವ ಕೆಲಸ. ಇದನ್ನು ತೆಂಗಿನ ನಾಡಿನವರಿಗೆ ವಿವರಿಸೋದು ಸುಲಭ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮಟ್ಟೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಎಳೆ ಸೇರಿಸಿ ಹಗ್ಗ ಹೊಸೆಯೋದನ್ನು ನೀವು ಕಂಡಿರಬಹುದು. ಅದೇ ತರ್ಕ, ಆದರೆ ಅಳತೆ ನೂರು ಪಟ್ಟು ಸಣ್ಣದು. ಕೂದಲನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಉದ್ದದ ಪ್ರಕಾರ ವಿಂಗಡಿಸಿ, ಇಪ್ಪತ್ತು ಮೂವತ್ತು ಎಳೆಗಳ ಕಂತೆ ಮಾಡಿ, ಪ್ರತಿ ಕಂತೆಯ ತುದಿಗೂ ಸಣ್ಣ ಸೀಸದ ಗುಂಡು ಕಟ್ಟುತ್ತಾರೆ. ನಡುವೆ ತೂತಿರುವ ದುಂಡನೆಯ ಮೇಜಿನ ಸುತ್ತ ಈ ಗುಂಡುಗಳು ಜೋತಾಡುತ್ತಿರುತ್ತವೆ. ಒಂದರ ಮೇಲೊಂದು ದಾಟಿಸುತ್ತಾ ಹೋದರೆ ನಡುವಿನ ಕಡ್ಡಿಯ ಸುತ್ತ ಜಾಲರಿಯಂಥ ಕೊಳವೆ ಹೆಣೆದುಕೊಳ್ಳುತ್ತೆ. ಅದನ್ನು ಮತ್ತೆ ಕುದಿಸಿ ಒಣಗಿಸಿದರೆ ಆಕಾರ ನಿಲ್ಲುತ್ತೆ. ಕಡ್ಡಿ ಎಳೆದು ತೆಗೆದರೆ ಟೊಳ್ಳಾದ, ಹಗುರವಾದ ಸರ. ತುದಿಗೆ ಅಕ್ಕಸಾಲಿ ಚಿನ್ನದ ಕೊಂಡಿ ಹಾಕುತ್ತಾನೆ. ವಾಚಿನ ಚೈನು, ಬಳೆ, ಓಲೆ ಎಲ್ಲವನ್ನೂ ಹೀಗೆ ಮಾಡುತ್ತಿದ್ದರು.

ಸ್ವೀಡನ್ನಿನ ವೋಮ್‌ಹೂಸ್ ಎಂಬ ಹಳ್ಳಿಯ ಹೆಂಗಸರು 19ನೇ ಶತಮಾನದಲ್ಲಿ ಈ ಕೆಲಸಕ್ಕೆ ಹೆಸರಾಗಿದ್ದರು. ಬಡ ಊರು, ಜಮೀನು ಸಾಲದು. ಆ ಹೆಂಗಸರು ಕಾಲ್ನಡಿಗೆಯಲ್ಲಿ ದೇಶದೇಶ ಸುತ್ತಿ ಮನೆಬಾಗಿಲಿಗೆ ಹೋಗಿ ಕೂದಲು ಹೆಣೆದುಕೊಟ್ಟು ಸಂಪಾದಿಸಿ ಊರಿಗೆ ತರುತ್ತಿದ್ದರು. ಒಡವೆ ಧರಿಸಿದ ಶ್ರೀಮಂತರ ಹೆಸರು ಗಾಜಿನ ಹಿಂದೆ ಉಳಿದಿದೆ. ಹೆಣೆದವರ ಹೆಸರು ಬಹುಪಾಲು ಎಲ್ಲೂ ಇಲ್ಲ.

ರಾಜಕೀಯದಿಂದ ಫ್ಯಾಷನ್ನಿಗೆ

ಈ ಒಡವೆಗೆ ಒಂದು ರಾಜಕೀಯ ಅಧ್ಯಾಯವಿದೆ. 1649ರ ಜನವರಿ 30ರಂದು ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ರಾಜನ ಪರ ಇದ್ದವರು ಅವನ ಕೂದಲು ಇಟ್ಟ ಉಂಗುರ, ಪದಕಗಳನ್ನು ಗುಟ್ಟಾಗಿ ಧರಿಸತೊಡಗಿದರು. ಹೊರಗಡೆ ಹರಳು, ಒಳಗಡೆ ಪಕ್ಷ. ಇವತ್ತು ನಾವು ಮೊಬೈಲ್ ಕವರಿನ ಹಿಂದೆ ನಾಯಕರ ಫೋಟೋ ಇಟ್ಟುಕೊಂಡ ಹಾಗೆ.

ಅದು ದೊಡ್ಡ ಉದ್ಯಮವಾದದ್ದು 19ನೇ ಶತಮಾನದಲ್ಲಿ. 1861ರ ಡಿಸೆಂಬರ್ 14ರಂದು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ತೀರಿಕೊಂಡ. 1901ರಲ್ಲಿ ತಾನು ಸಾಯುವವರೆಗೆ, ಸುಮಾರು ನಲವತ್ತು ವರ್ಷ, ಅವಳು ಕಪ್ಪು ಬಟ್ಟೆ ಬಿಡಲಿಲ್ಲ. ಗಂಡನ ಕೂದಲಿದ್ದ ಲಾಕೆಟ್ ಹಾಕಿಕೊಳ್ಳುತ್ತಿದ್ದಳು. ಅರಮನೆ ಹೀಗಾದಾಗ ಮಧ್ಯಮ ವರ್ಗ ಸುಮ್ಮನಿರುತ್ತಾ? ಶೋಕ ಅನ್ನೋದಕ್ಕೆ ಒಂದು ರೂಲ್‌ಬುಕ್ಕೇ ಬಂತು: ಎಷ್ಟು ತಿಂಗಳು ಕಪ್ಪು, ಯಾವಾಗ ಬೂದುಬಣ್ಣ, ಯಾವ ಒಡವೆ ಸರಿ, ಯಾವುದು ತಪ್ಪು. ಮುತ್ತು ಅಂದರೆ ಕಣ್ಣೀರು. ಕಪ್ಪು ಎನಾಮೆಲ್ ಸಾಮಾನ್ಯ ಸಾವಿಗೆ. ಬಿಳಿ ಎನಾಮೆಲ್ ಮಕ್ಕಳಿಗೆ ಮತ್ತು ಮದುವೆಯಾಗದವರಿಗೆ.

ಗಮನಿಸಿ: ಈ ರೂಲುಗಳ ಭಾರ ಬಹುತೇಕ ಹೆಂಗಸರ ಮೇಲಿತ್ತು. ಹೆಂಡತಿ ಸತ್ತ ಗಂಡ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲವೇ ತಿಂಗಳಲ್ಲಿ ಕೆಲಸಕ್ಕೆ, ಮರುಮದುವೆಗೆ ಹೊರಡಬಹುದಿತ್ತು. ಗಂಡ ಸತ್ತ ಹೆಂಡತಿಗೆ ಎರಡು ವರ್ಷ, ಎರಡೂವರೆ ವರ್ಷ. ವಿಧವೆಯನ್ನು ಬಟ್ಟೆಯಿಂದ ಗುರುತು ಹಿಡಿಯೋ ಚಟ ನಮ್ಮದೊಬ್ಬರದ್ದೇ ಅಲ್ಲ.

ಕೊನೆಗೆ ಈ ರೂಢಿ ಹೋದದ್ದು ಮೂರು ಕಾರಣಕ್ಕೆ. ಫೋಟೋ ಅಗ್ಗವಾಯಿತು. ಮೊದಲ ಮಹಾಯುದ್ಧದಲ್ಲಿ ಸಾವುಗಳು ಲಕ್ಷಗಟ್ಟಲೆಯಾದವು, ಎಷ್ಟೋ ಮಂದಿಯ ಹೆಣವೇ ಸಿಗಲಿಲ್ಲ, ಇನ್ನು ಕೂದಲೆಲ್ಲಿ? 1920ರ ದಶಕದಲ್ಲಿ ಹೆಂಗಸರು ಕೂದಲನ್ನು ಗಿಡ್ಡ ಕತ್ತರಿಸಿಕೊಂಡರು, ಸತ್ತವರ ಕೂದಲು ಧರಿಸೋದು ಅಸಹ್ಯ ಅನ್ನೋ ಭಾವನೆ ಬೆಳೆಯಿತು.

ಅದು ನಿಜಕ್ಕೂ ಅವರದ್ದೇ ಕೂದಲಾ?

ಈ ವ್ಯಾಪಾರದ ದೊಡ್ಡ ತಲೆನೋವು ನಂಬಿಕೆ. ಮಗುವಿನ ಕೂದಲನ್ನು ಅಂಗಡಿಗೆ ಕಳಿಸಿದರೆ, ಅದು ಚಿಕ್ಕದು, ಮೆತ್ತನೆಯದು, ಹೆಣೆಯಲು ಬರಲ್ಲ. ಅಂಗಡಿಯವನು ಅದೇ ಬಣ್ಣದ ಬೇರೆ ಕೂದಲು ಹಾಕಿ ಕಳಿಸಿದರೆ ಗೊತ್ತಾಗೋದು ಹೇಗೆ? ಈ ಅನುಮಾನ ಎಷ್ಟಿತ್ತೆಂದರೆ, ಮನೆಯಲ್ಲೇ ಮಾಡಿಕೊಳ್ಳಿ ಅಂತ ಹೆಂಗಸರಿಗೆ ಕೈಪಿಡಿಗಳು ಬಂದವು. ಅಮೆರಿಕದಲ್ಲಿ ಮಾರ್ಕ್ ಕ್ಯಾಂಪ್‌ಬೆಲ್ 1867ರಲ್ಲಿ ಅಂಥದ್ದೊಂದು ಪುಸ್ತಕ ತಂದ.

ಈ ಅನುಮಾನಕ್ಕೆ ಸಾಕ್ಷಿ ತೀರಾ ಇತ್ತೀಚೆಗೆ ಸಿಕ್ಕಿದೆ. ಸಂಗೀತಗಾರ ಬೀಥೋವನ್ 1827ರಲ್ಲಿ ಸತ್ತಾಗ ಅವನ ಕೂದಲನ್ನು ಅಭಿಮಾನಿಗಳು ಕತ್ತರಿಸಿಕೊಂಡು ಹೋಗಿದ್ದರು. ಅದರಲ್ಲಿ ಲಾಕೆಟ್ಟಿನೊಳಗೆ ಉಳಿದಿದ್ದ ಒಂದು ಗುಚ್ಛವನ್ನು ಪರೀಕ್ಷಿಸಿ, ಅವನಿಗೆ ಸೀಸದ ವಿಷ ಏರಿತ್ತು ಅಂತ ಮೊದಲು ಹೇಳಲಾಗಿತ್ತು. 2023ರಲ್ಲಿ ಡಿಎನ್‌ಎ ನೋಡಿದಾಗ ಆ ಗುಚ್ಛ ಬೀಥೋವನ್‌ನದ್ದಲ್ಲ, ಯಾರೋ ಒಬ್ಬ ಹೆಂಗಸಿನದ್ದು ಅಂತ ಗೊತ್ತಾಯಿತು. ಬೇರೆ ಕೆಲವು ಗುಚ್ಛಗಳು ಮಾತ್ರ ಅವನವೇ ಆಗಿದ್ದವು.

ಬದಲಿ ಕೂದಲು ಬರುತ್ತಿದ್ದದ್ದು ಎಲ್ಲಿಂದ? ಬಡವರ ತಲೆಯಿಂದ. ಫ್ರಾನ್ಸಿನ ಬ್ರಿಟನಿ, ಇಟಲಿಯ ಹಳ್ಳಿಗಳಲ್ಲಿ ವ್ಯಾಪಾರಿಗಳು ಸಂತೆಗೆ ಬಂದು ರೈತರ ಹೆಣ್ಣುಮಕ್ಕಳ ಜಡೆ ಕೊಳ್ಳುತ್ತಿದ್ದರು. ಬಟ್ಟೆ ತುಂಡಿಗೋ ಚಿಲ್ಲರೆ ಕಾಸಿಗೋ ಜಡೆ ಹೋಗುತ್ತಿತ್ತು. ಆ ಹುಡುಗಿಯರು ಮೇಲೆ ಟೋಪಿ ಹಾಕಿ ಮುಚ್ಚಿಕೊಳ್ಳುತ್ತಿದ್ದರು. ವಿಗ್ಗು, ಕೃತಕ ಜಡೆ, ಒಡವೆ ಎಲ್ಲದಕ್ಕೂ ಅದೇ ಕಚ್ಚಾಮಾಲು.

ಕರ್ನಾಟಕಕ್ಕೆ ಬಂದಿತ್ತಾ?

ಬ್ರಿಟಿಷರ ಜೊತೆ ಬಂತು, ಅವರ ಜೊತೆಗೇ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕಂಪನಿಯ ದಂಡು ಮೊದಲು ಶ್ರೀರಂಗಪಟ್ಟಣದಲ್ಲಿ, 1809ರಿಂದ ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಯೂರಿತು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ಹೋದರೆ ಆ ಕಾಲದ ಯೂರೋಪಿಯನ್ನರ ಗೋರಿಗಳು ಇವತ್ತಿಗೂ ಇವೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಇಲ್ಲಿಂದ ಇಂಗ್ಲೆಂಡಿಗೆ ಹಡಗು ಆಫ್ರಿಕಾ ಸುತ್ತಿ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಹೆಣ ಕಳಿಸೋ ಮಾತೇ ಇಲ್ಲ. ಕಾಗದದೊಳಗೆ ಮಡಿಸಿ ಕಳಿಸಬಹುದಾಗಿದ್ದದ್ದು ಒಂದು ಹಿಡಿ ಕೂದಲು.

ಆದರೆ ನಮ್ಮ ಅಕ್ಕಸಾಲಿಗಳ ಕೈಗೆ, ನಮ್ಮ ಮನೆಗಳ ಪೆಟ್ಟಿಗೆಗೆ ಅದು ಇಳಿಯಲಿಲ್ಲ. ಕಾರಣ ಸ್ಪಷ್ಟ. ನಮ್ಮಲ್ಲಿ ತಲೆಯ ಮೇಲಿದ್ದಾಗ ಕೂದಲು ಮುಡಿ, ಕೆಳಗೆ ಬಿದ್ದರೆ ಮೈಲಿಗೆ. ಅನ್ನದಲ್ಲಿ ಸಿಕ್ಕರೆ ತಟ್ಟೆ ಬಿಟ್ಟು ಏಳುತ್ತೇವೆ. ಕ್ಷೌರ ಮಾಡಿಸಿಕೊಂಡು ಬಂದವರು ಸ್ನಾನ ಮಾಡದೆ ಒಳಗೆ ಬರೋ ಹಾಗಿಲ್ಲ. ಹೀಗಿರುವಾಗ ಸತ್ತವರ ಕೂದಲನ್ನು ಕೊರಳಿಗೆ ಹಾಕಿಕೊಳ್ಳೋದು ಊಹೆಗೂ ಬರುವ ಮಾತಲ್ಲ. ಕೂದಲಿಗೆ ಒಡವೆ ಹಾಕಿದ್ದೇವೆ: ಜಡೆಬಿಲ್ಲೆ, ಜಡೆನಾಗರ, ಕುಚ್ಚು. ಕೂದಲನ್ನೇ ಒಡವೆ ಮಾಡಿಲ್ಲ. ಚೌರಿ ಒಂದೇ ಇದಕ್ಕೆ ಹತ್ತಿರ ಬರೋದು, ಅದು ಜೀವಂತ ಹೆಂಗಸಿನ ಅಲಂಕಾರ.

ಇಲ್ಲಿ ಶೋಕದ ಗುರುತು: ಇಲ್ಲದ ಕೂದಲು

ಕಳಶಕ್ಕೆ ಇಡುವ ಕಾಯಿಗೆ ಜುಟ್ಟಿರಬೇಕು. ಜುಟ್ಟಿರೋ ಕಾಯಿ ಕೊಡಿ ಅಂತಲೇ ಅಂಗಡಿಯಲ್ಲಿ ಕೇಳುತ್ತೇವೆ. ಜುಟ್ಟು ಕಿತ್ತ ಕಾಯಿ ಸಾರಿಗೆ ಆಗುತ್ತೆ, ಕಳಶಕ್ಕೆ ಆಗಲ್ಲ. ತೆಂಗಿನ ಕಾಯಿಯ ಈ ಲೆಕ್ಕವನ್ನೇ ಮನುಷ್ಯರಿಗೂ ಹಾಕಲಾಗಿತ್ತು.

ಗಂಡಸಿನ ಕೇಶಮುಂಡನ ತಾತ್ಕಾಲಿಕ. ಅಪ್ಪ ಅಮ್ಮ ಸತ್ತಾಗ ಮಗ ತಲೆ ಬೋಳಿಸಿಕೊಳ್ಳುತ್ತಾನೆ, ತಿಥಿ ಮುಗಿಯುತ್ತೆ, ಮೂರು ತಿಂಗಳಲ್ಲಿ ಕೂದಲು ಬಂದು ಅವನು ಮೊದಲಿನ ಹಾಗಾಗುತ್ತಾನೆ. ಬೋಳಿಸಿದ ತಲೆ ಅವನಿಗೆ ಹಕ್ಕಿನ ಗುರುತು ಕೂಡ: ಕರ್ಮ ಮಾಡಿದವನು, ವಾರಸುದಾರ.

ಬ್ರಾಹ್ಮಣ ಕುಟುಂಬಗಳ ವಿಧವೆಯರಿಗೆ ಆಗುತ್ತಿದ್ದದ್ದು ಬೇರೆ. ಅದು ಒಂದು ಸಲದ್ದಲ್ಲ, ಸಾಯುವವರೆಗೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1887ರಲ್ಲಿ ಮೇಲ್ಜಾತಿ ಹಿಂದೂ ಹೆಂಗಸಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ದಖ್ಖನಿನ ಬ್ರಾಹ್ಮಣ ವಿಧವೆಯರ ತಲೆಯನ್ನು ಹದಿನೈದು ದಿನಕ್ಕೊಮ್ಮೆ ಬೋಳಿಸಲಾಗುತ್ತೆ ಅನ್ನೋದನ್ನು ಹೊರ ಜಗತ್ತಿಗೆ ತಿಳಿಸಿದವರಲ್ಲಿ ಅವರು ಪ್ರಮುಖರು. ಬೋಳಿಸಿಕೊಂಡು ಕೆಂಪು ಸೀರೆ ಉಟ್ಟರೆ ಮಡಿ ಹೆಂಗಸು, ಅಡುಗೆ ಪೂಜೆಯ ಚಾಕರಿಗೆ ಲಾಯಕ್ಕು. ಬೋಳಿಸಿಕೊಳ್ಳದಿದ್ದರೆ ಅವಳು ಮುಟ್ಟಿದ ನೀರೂ ಬೇಡ. ಅಂದರೆ ಕೂದಲು ಕೊಟ್ಟರೆ ಮಾತ್ರ ಮನೆಯಲ್ಲಿ ಅವಳಿಗೆ ಜಾಗ, ಅದೂ ಸಂಬಳವಿಲ್ಲದ ದುಡಿಮೆಯ ಜಾಗ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ಅವರ ಬಳಗದಲ್ಲೇ ಇದ್ದ ಹಿರಿಯರೊಬ್ಬರ ಬದುಕನ್ನು ಆಧರಿಸಿದ ಕಾದಂಬರಿ. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ವಿಧವೆಯಾದ ಹುಡುಗಿ, ದೊಡ್ಡವಳಾದ ಮೇಲೆ ತಲೆ ಬೋಳಿಸಿಕೊಂಡು ಬದುಕು ಪೂರ್ತಿ ಬೇರೆಯವರ ಬಾಣಂತನ, ಅಡುಗೆ ಮಾಡುತ್ತಾ ಕಳೆಯುತ್ತಾಳೆ. ಆದರೆ ಇದೇ ಫಣಿಯಮ್ಮ, ಮುಂದಿನ ತಲೆಮಾರಿನ ದಾಕ್ಷಾಯಿಣಿ ಅನ್ನೋ ವಿಧವೆ ನಾನು ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಲ್ಲುತ್ತಾಳೆ. ಪ್ರೇಮಾ ಕಾರಂತ್ ಇದನ್ನು 1983ರಲ್ಲಿ ಸಿನಿಮಾ ಮಾಡಿದರು. ಅದಕ್ಕೂ ಮೊದಲು, 1977ರಲ್ಲಿ, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ‘ಘಟಶ್ರಾದ್ಧ’ ಮಾಡಿದ್ದರು. ಅಲ್ಲಿ ಬಸುರಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಕೊನೆಗೆ ನಾವು ನೋಡೋದು ಬೋಳು ತಲೆಯ ಯಮುನಕ್ಕನನ್ನು.

ಇಂಗ್ಲೆಂಡಿನ ವಿಧವೆ ಗಂಡನ ಕೂದಲು ಧರಿಸಿ ಶೋಕ ತೋರಿಸಿದಳು. ಇಲ್ಲಿನ ವಿಧವೆ ತನ್ನದೇ ಕೂದಲು ಕಳೆದುಕೊಂಡು ತೋರಿಸಬೇಕಾಯಿತು. ಅಲ್ಲಿ ಸತ್ತವನ ನೆನಪು ಉಳೀಲಿ ಅನ್ನೋದು ಉದ್ದೇಶ. ಇಲ್ಲಿ ಬದುಕಿರುವವಳ ಕಡೆ ಯಾರೂ ಕಣ್ಣೆತ್ತಿ ನೋಡದಿರಲಿ ಅನ್ನೋದು.

ಕತ್ತಿ ಹಿಡಿದವರ ಕಥೆ

ಇದರಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಬ್ಬ ವ್ಯಕ್ತಿ ಇದ್ದಾನೆ: ಕ್ಷೌರಿಕ. ಬೋಳಿಸಬೇಕು ಅಂತ ತೀರ್ಮಾನ ಮಾಡಿದವರು ಬೇರೆ, ಅಳುತ್ತಿರೋ ಹುಡುಗಿಯ ತಲೆ ಹಿಡಿದು ಕತ್ತಿ ಆಡಿಸಬೇಕಾದವನು ಬೇರೆ. ಊರಿನ ಎಲ್ಲ ಮನೆಯ ಹುಟ್ಟಿಗೆ, ಜವಳಕ್ಕೆ, ಮದುವೆಗೆ, ಸಾವಿಗೆ ಅವನು ಬೇಕು. ಆದರೆ ಪಂಕ್ತಿಯಲ್ಲಿ ಅವನು ಬೇಡ. ಕಣದಲ್ಲಿ ಒಂದಿಷ್ಟು ಕಾಳು ಅವನ ಕೂಲಿ.

ಈ ವ್ಯವಸ್ಥೆಗೆ ಒಳಗಿನಿಂದಲೇ ಪೆಟ್ಟು ಬಿದ್ದದ್ದೂ ಉಂಟು. 1890ರಲ್ಲಿ ಮುಂಬೈಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸಲ್ಲ ಅಂತ ತೀರ್ಮಾನಿಸಿದರು. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದಲ್ಲಿದ್ದ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಇದರ ಹಿಂದಿದ್ದರು. ಶಾಸ್ತ್ರದ ಮೇಲೆ ವರ್ಷಗಟ್ಟಲೆ ನಡೆದ ಚರ್ಚೆಯ ನಡುವೆ, ಕೆಲಸ ಮಾಡುವವರೇ ಕೈ ಎತ್ತಿಬಿಟ್ಟರೆ ಏನಾಗುತ್ತೆ ಅಂತ ತೋರಿಸಿದ ಮುಷ್ಕರ ಅದು. ವಿಧವೆಯರ ಹಕ್ಕಿನ ಚರಿತ್ರೆಯಲ್ಲಿ ಮೇಲ್ಜಾತಿ ಸುಧಾರಕರ ಹೆಸರುಗಳ ಜೊತೆ ಈ ಕ್ಷೌರಿಕರನ್ನೂ ಸೇರಿಸಿ ಓದಬೇಕು.

ಕತ್ತಿ ಯಾರ ತಲೆ ಮುಟ್ಟಬೇಕು, ಯಾರದ್ದು ಮುಟ್ಟಬಾರದು ಅನ್ನೋ ಅಪ್ಪಣೆ ಇನ್ನೂ ನಿಂತಿಲ್ಲ. 2020ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಒಂದು ಸುದ್ದಿ ಬಂತು. ದಲಿತರ ಕೂದಲು ಕತ್ತರಿಸಿದ್ದಕ್ಕೆ ಸಲೂನಿನವರ ಕುಟುಂಬಕ್ಕೆ ಬಹಿಷ್ಕಾರ, ದಂಡ ಅಂತ. ಅಪ್ಪಣೆ ಕೊಡುವವರು ಒಬ್ಬರು, ಶಿಕ್ಷೆ ಅನುಭವಿಸುವವರು ಇಬ್ಬರು.

ಎಲ್ಲ ಜಾತಿಗಳಲ್ಲೂ ಇತ್ತಾ?

ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕಂದ್ರೆ ಬ್ರಾಹ್ಮಣ ಮನೆಯ ಕಥೆಯನ್ನೇ ಕರ್ನಾಟಕದ ಕಥೆ ಅಂತ ಓದಿಬಿಡೋ ಅಭ್ಯಾಸ ನಮಗಿದೆ. ದುಡಿಯುವ ಜಾತಿಗಳಲ್ಲಿ ವಿಧವೆಯ ತಲೆ ಬೋಳಿಸುವ ರೂಢಿ ಇರಲಿಲ್ಲ. ಕೂಡಿಕೆ, ಉಡಿಕೆ ಅಂತ ಮರುಮದುವೆಯ ದಾರಿಗಳು ಅನೇಕ ಸಮುದಾಯಗಳಲ್ಲಿ ಇದ್ದವು. ಕೊಬ್ಬರಿ ಒಣಗಿಸಲು, ರಾಗಿ ಕೊಯ್ಯಲು ಎರಡು ಕೈ ಬೇಕಿದ್ದ ಮನೆಯಲ್ಲಿ ಹೆಂಗಸನ್ನು ಮೂಲೆಗೆ ಕೂರಿಸೋದು ನಡೆಯುವ ಮಾತಾಗಿರಲಿಲ್ಲ. 12ನೇ ಶತಮಾನದ ಶರಣರಂತೂ ಸಾವಿನ ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನೇ ತಳ್ಳಿಹಾಕಿದ್ದರು.

ಹಾಗಂತ ನಾವೆಲ್ಲ ಸಾಚಾ ಅಂತಲ್ಲ. ತಲೆ ಬೋಳಿಸದ ಮನೆಗಳಲ್ಲೂ ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಯುವುದು, ಕೊನೆಯ ಸಲ ಹೂ ಮುಡಿಸಿ ಎಲ್ಲರೆದುರು ಕೀಳುವುದು ಇತ್ತು, ಎಷ್ಟೋ ಕಡೆ ಇನ್ನೂ ಇದೆ. ಕೂಡಿಕೆಯಾದವಳಿಗೆ ಮೊದಲ ಮದುವೆಯವಳ ಮರ್ಯಾದೆ ಇರಲಿಲ್ಲ, ಆರತಿ ಎತ್ತಲು ಕರೆಯುತ್ತಿರಲಿಲ್ಲ. ಆಮೇಲೆ ಶರಣರ ಹೆಸರು ಹೇಳುವ ಮನೆಗಳಲ್ಲೇ ಸೂತಕ ವಾಪಸ್ ಬಂದು ಕೂತಿದೆ.

ಬಾಯಲ್ಲಿ ಉಳಿದದ್ದು

ಕೇಶಮುಂಡನ ಇವತ್ತು ನಮ್ಮ ಕಣ್ಣಿಗೆ ಬೀಳಲ್ಲ. ಆದರೆ ಕಿವಿಗೆ ದಿನಾ ಬೀಳುತ್ತೆ.

‘ಮುಂಡೆ’ ಅನ್ನೋ ಪದ ಬಂದದ್ದು ಮುಂಡ, ಅಂದರೆ ಬೋಳಿಸಿದ ತಲೆ ಅನ್ನೋದರಿಂದ. ‘ಬೋಳಿ’ ಅಂದರೂ ಅದೇ. ‘ಬೋಳಿಮಗ’, ‘ಮುಂಡೇಮಗ’ ಅಂದಾಗ ನಾವು ಹೇಳುತ್ತಿರೋದು ಇಷ್ಟು: ನಿನ್ನ ತಾಯಿ ತಲೆ ಬೋಳಿಸಿದ ವಿಧವೆ, ಅವಳಿಗೆ ಮಗ ಹುಟ್ಟಬಾರದಾಗಿತ್ತು, ನೀನು ಹುಟ್ಟಿದ್ದೀಯ. ಬೈಸಿಕೊಂಡವನು ಗಂಡಸು, ಅವಮಾನ ಆಗೋದು ಎಲ್ಲೂ ಇಲ್ಲದ ಹೆಂಗಸಿಗೆ. ಹಾಸ್ಟೆಲಿನಲ್ಲಿ ಪ್ರೀತಿಯಿಂದ, ಟ್ರಾಫಿಕ್ಕಿನಲ್ಲಿ ಸಿಟ್ಟಿನಿಂದ, ಸಿನಿಮಾದಲ್ಲಿ ಚಪ್ಪಾಳೆಗೆ, ಟ್ರೋಲ್ ಪೇಜುಗಳಲ್ಲಿ ರಾಜಕಾರಣಿಗಳ ಮೇಲೆ ಇದನ್ನು ಬಳಸುತ್ತೇವೆ. ವಿಧವೆಯರ ಪಿಂಚಣಿ ಹೆಚ್ಚಿಸಿ ಅಂತ ಪೋಸ್ಟ್ ಹಾಕುವ ಅಕೌಂಟಿನ ಕಮೆಂಟಿನಲ್ಲೂ ಈ ಪದ ಇರುತ್ತೆ. ತಲೆ ಬೋಳಿಸದ ಜಾತಿಗಳಲ್ಲಿ ಹುಟ್ಟಿದವರೂ ಬೋಳಿಸಿದವರ ಬೈಗುಳವನ್ನು ತಮ್ಮದು ಮಾಡಿಕೊಂಡಿದ್ದಾರೆ.

ಕೂದಲು ಈಗ ಎಲ್ಲಿಗೆ ಹೋಗುತ್ತೆ?

ಹಳ್ಳಿ ಬೀದಿಗಳಲ್ಲಿ ಸೈಕಲ್ಲು, ಬೈಕಿನ ಮೇಲೆ ಬಂದು ತಲೆಕೂದಲು ಕೇಳುವವರನ್ನು ನೋಡಿರುತ್ತೀರಿ. ಬಾಚಿದಾಗ ಉದುರಿದ್ದನ್ನು ಉಂಡೆ ಮಾಡಿ ಹೆಂಚಿನ ಸಂದಿಗೋ ಪ್ಲಾಸ್ಟಿಕ್ ಕವರಿಗೋ ಸಿಕ್ಕಿಸಿಟ್ಟು, ತಿಂಗಳುಗಟ್ಟಲೆ ಕೂಡಿಸಿ ಕೊಟ್ಟರೆ ಪಾತ್ರೆ, ಪಿನ್ನು, ಮಕ್ಕಳಿಗೆ ಬಲೂನು, ಈಗೀಗ ದುಡ್ಡು. ಕರ್ನಾಟಕದಲ್ಲಿ ಈ ಕೂದಲಿನ ದೊಡ್ಡ ಕೇಂದ್ರ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ. ಒಂದು ಕಾಲಕ್ಕೆ ನೇಕಾರಿಕೆಗೆ ಹೆಸರಾದ ಊರು. ಗಂಟು ಬಿಡಿಸೋದು, ತೊಳೆಯೋದು, ಮೊಳೆ ಹಲಗೆಯ ಮೇಲೆ ಎಳೆದು ಬಾಚೋದು, ಉದ್ದದ ಪ್ರಕಾರ ಕಟ್ಟು ಕಟ್ಟೋದು. ಬಹುಪಾಲು ಹೆಂಗಸರ ದುಡಿಮೆ, ಗಂಟು ಬಿಡಿಸೋದಂತೂ ಕಣ್ಣು ಮತ್ತು ಬೆನ್ನು ಎರಡನ್ನೂ ತಿನ್ನುವ ಕೆಲಸ. ಅಲ್ಲಿಂದ ವಿದೇಶಕ್ಕೆ, ವಿಗ್ಗಿಗೆ.

1850ರ ಸ್ವೀಡಿಷ್ ಹೆಂಗಸು ಮಾಡಿದ್ದೂ ಇದೇ: ತೊಳೆ, ವಿಂಗಡಿಸು, ಕಂತೆ ಕಟ್ಟು. ವ್ಯತ್ಯಾಸ ಒಂದು. ಆ ಕೂದಲಿಗೆ ಒಂದು ಹೆಸರಿತ್ತು, ಇದಕ್ಕಿಲ್ಲ. ಚಿಕ್ಕನಾಯಕನಹಳ್ಳಿಯ ಅಜ್ಜಿಯದ್ದೂ ಕುಷ್ಟಗಿಯ ಹುಡುಗಿಯದ್ದೂ ಒಂದೇ ಮೂಟೆಯಲ್ಲಿ ಹೋಗುತ್ತೆ.

ಸರ್ಕಾರಕ್ಕೂ ಇದು ಸಣ್ಣ ವಿಷಯವಲ್ಲ. ಕಚ್ಚಾ ಕೂದಲು ಕಡಿಮೆ ಬೆಲೆ ತೋರಿಸಿ, ಕಳ್ಳದಾರಿಯಲ್ಲಿ ಹೊರಗೆ ಹೋಗುತ್ತಿದೆ, ಇಲ್ಲಿನವರಿಗೆ ಸಂಸ್ಕರಣೆಯ ಕೆಲಸ ತಪ್ಪುತ್ತಿದೆ ಅನ್ನೋ ದೂರುಗಳ ಮೇಲೆ ಕೇಂದ್ರವು 2022ರ ಜನವರಿಯಲ್ಲಿ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. 2024ರ ಮಾರ್ಚ್‌ನಲ್ಲಿ ಕೆಜಿಗೆ 65 ಡಾಲರಿಗಿಂತ ಕಡಿಮೆ ಬೆಲೆಯ ಕಚ್ಚಾ ಕೂದಲಿನ ರಫ್ತನ್ನೇ ನಿಷೇಧಿಸಿತು. ಕೊಬ್ಬರಿಗೆ ಬೆಂಬಲ ಬೆಲೆ ಕೇಳಿ ಬೀದಿಗಿಳಿದು ಗೊತ್ತಿರೋ ನಮ್ಮ ತಾಲ್ಲೂಕಿನವರಿಗೆ ಇಲ್ಲಿನ ಪ್ರಶ್ನೆ ತಾನಾಗೇ ಹೊಳೆಯುತ್ತೆ: 65 ಡಾಲರಿನಲ್ಲಿ ಗಂಟು ಬಿಡಿಸಿದ ಕೈಗೆ ಎಷ್ಟು? ಬಾಚಿ ಕೂಡಿಸಿದವಳಿಗೆ ಎಷ್ಟು?

ನಿಮ್ಮ ಕೈಗೆ ಅಂಥ ಒಡವೆ ಸಿಕ್ಕರೆ

ಹಳೆ ಬಂಗಲೆಯ ಸಾಮಾನು, ಚರ್ಚಿನ ಹರಾಜು, ಬೆಂಗಳೂರಿನ ಗುಜರಿಯಲ್ಲಿ ಇಂಥದ್ದು ಸಿಗಲಾರದು ಅಂತೇನಿಲ್ಲ. ಕೆಲವು ವಿಷಯ ನೆನಪಿರಲಿ. ಕೂದಲಿರೋ ಎಲ್ಲ ಲಾಕೆಟ್ಟೂ ಸಾವಿನದ್ದಲ್ಲ. ಪ್ರೇಮಿಗಳೂ ಗೆಳತಿಯರೂ ಕೂದಲು ಬದಲಾಯಿಸಿಕೊಳ್ಳುತ್ತಿದ್ದರು. ಕಪ್ಪು ಎನಾಮೆಲ್, ಸತ್ತ ತಾರೀಕು, ವಯಸ್ಸು ಇದ್ದರೆ ಶೋಕದ್ದು ಅನ್ನಬಹುದು. ಎಳೆ ತೀರಾ ದಪ್ಪ, ಒರಟು ಇದ್ದರೆ ಕುದುರೆಯ ಕೂದಲಿರುವ ಸಾಧ್ಯತೆ ಹೆಚ್ಚು. ನೀರು, ಸೋಪು, ಬ್ಲೀಚು ಸೋಕಿಸಬೇಡಿ. ಕ್ಷಾರ ಕೂದಲನ್ನು ತಿನ್ನುತ್ತೆ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗಿಲ್ಲ. ಆನ್‌ಲೈನಿನಲ್ಲಿ ಮಾರುವ ಮೊದಲು ಇದು ತಿಳಿದಿರಲಿ.

ಈಗ ಮಾಡಬಹುದಾದದ್ದು

2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರ್‌ವಾಡ ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿತು. ನಮ್ಮ ಬೆಳಗಾವಿಯ ಗಡಿಯಿಂದ ದೂರವೇನಲ್ಲ. ಗಂಡ ಸತ್ತಾಗ ಹೆಂಗಸಿನ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ, ಕಾಲುಂಗುರ ತೆಗೆಯುವುದು ನಮ್ಮೂರಲ್ಲಿ ಬೇಡ ಅಂತ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಇತರ ಪಂಚಾಯಿತಿಗಳೂ ಈ ಮಾದರಿ ಅನುಸರಿಸಲಿ ಅಂತ ಸುತ್ತೋಲೆ ಹೊರಡಿಸಿತು. ಇದಕ್ಕೆ ಸಂಸತ್ತು ಬೇಕಾಗಲಿಲ್ಲ, ಕೋರ್ಟು ಬೇಕಾಗಲಿಲ್ಲ. ಒಂದು ಗ್ರಾಮಸಭೆ ಸಾಕಾಯಿತು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಪಂಚಾಯಿತಿಗಳಲ್ಲೂ ಗ್ರಾಮಸಭೆ ನಡೆಯುತ್ತೆ. ರಸ್ತೆ, ಚರಂಡಿ, ನರೇಗಾ ಪಟ್ಟಿ ಮುಗಿದ ಮೇಲೆ ಇಂಥ ಒಂದು ಠರಾವು ಮಂಡಿಸಲು ಯಾರ ಅಪ್ಪಣೆಯೂ ಬೇಡ. ಮೊದಲು ಮಾತಾಡಬೇಕಾದವರು ವಿಧವೆಯರು. ನಾವು ಮಾಡಬೇಕಾದದ್ದು ಅವರನ್ನು ಸಭೆಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸೋದು. ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರು ಇವತ್ತೇ, ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ: ಇನ್ನು ಮುಂದೆ ಯಾರನ್ನಾದರೂ ಬೈಯಬೇಕಾದರೆ ಅವರು ಮಾಡಿದ ತಪ್ಪನ್ನೇ ಹಿಡಿದು ಬೈಯಿರಿ. ತಲೆ ಬೋಳಿಸಿಕೊಂಡ ಹೆಂಗಸನ್ನು ಅದಕ್ಕೆ ಎಳೆಯಬೇಡಿ.